ಕಂಪ್ಯೂಟರ್ ಎಲ್ಲಿ ನಿಂತಿದೆ? ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ ನೋಡಿ



ಕೊಪ್ಪಳ ಜಿಲ್ಲೆಯ ಕಾರಟಗಿಯಿಂದ ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿರುವುದರಿಂದ ಪತ್ರದ ಸಾರವನ್ನಷ್ಟೇ ಕೊಡುತ್ತಿದ್ದೇನೆ:

"ನಮ್ಮ ಮನೆಯಲ್ಲಿ ಎಂಟು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ನಾನು ಮನೆಯಲ್ಲಿದ್ದುಕೊಂಡೇ ಟೈಪಿಂಗ್ ಮಾಡಿಕೊಡುತ್ತೇನೆ, ಓಣಿಯ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುತ್ತೇನೆ. ಹದಿನೈದು ದಿನಗಳಿಂದ ಆನ್ ಮಾಡಿದರೆ ವಿಂಡೋಸ್ ಚಿಹ್ನೆ ಬಂದು, ಅದರ ಕೆಳಗೆ ಚುಕ್ಕಿಗಳು ಸುತ್ತುತ್ತಾ ಇದ್ದು, ಅಲ್ಲೇ ನಿಂತುಬಿಡುತ್ತದೆ. ನಾಲ್ಕೈದು ಸಲ ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ. ಅಂಗಡಿಯವರಿಗೆ ತೋರಿಸಿದೆವು. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮ ಅಬ್ಬಾ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದುದನ್ನು ರೆಕಾರ್ಡ್ ಮಾಡಿ ಅದರಲ್ಲಿ ಇಟ್ಟಿದ್ದೇವೆ. ಬೇರೆಲ್ಲೂ ಪ್ರತಿ ಇಲ್ಲ. ಏನು ಮಾಡಲಿ?"

ಸಹೋದರಿ, ಮೊದಲ ಮಾತು: ಫಾರ್ಮ್ಯಾಟ್‌ಗೆ ಈಗಲೇ ಒಪ್ಪಬೇಡಿ. ಕಂಪ್ಯೂಟರ್ ಕೆಟ್ಟರೆ ಇನ್ನೊಂದು ತರಬಹುದು, ವಿಂಡೋಸ್ ಹಾಳಾದರೆ ಮತ್ತೆ ಹಾಕಿಸಬಹುದು. ಅಬ್ಬಾ ಅವರ ಧ್ವನಿಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಹಾಗಾಗಿ ನಿಮ್ಮ ಕೆಲಸದ ಕ್ರಮ ಹೀಗಿರಲಿ. ಮೊದಲು ಕಡತಗಳನ್ನು ಉಳಿಸಿಕೊಳ್ಳುವುದು, ಆಮೇಲೆ ದೋಷ ಎಲ್ಲಿದೆಯೆಂದು ಹುಡುಕುವುದು, ರಿಪೇರಿ ಕೊನೆಗೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗುತ್ತದೆ. ಅವರಿಗೆ ಯಂತ್ರ ಸರಿಯಾದರೆ ಕೆಲಸ ಮುಗಿಯಿತು. ನಿಮಗೆ ಹಾಗಲ್ಲ.

ಎರಡನೆಯ ಮಾತು: ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ ಎಂದಿದ್ದೀರಿ. ಇದು ಒಳ್ಳೆಯ ಸುದ್ದಿ, ಆದರೆ ಎಷ್ಟು ದಿನ ಹೀಗಿರುತ್ತದೆ ಎಂದು ಹೇಳಲಾಗದು. ದೊಡ್ಡ ಪೆನ್‌ಡ್ರೈವ್ ಅಥವಾ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದನ್ನು ಇಂದೇ ತಂದಿಟ್ಟುಕೊಳ್ಳಿ. ಮುಂದಿನ ಸಲ ತೆರೆದುಕೊಂಡಾಗ ಅರ್ಜಿ ತುಂಬಲು, ಇಂಟರ್‌ನೆಟ್ ನೋಡಲು ಹೋಗಬೇಡಿ. ಮೊದಲು ಧ್ವನಿಯ ಕಡತ, ನಂತರ ಫೋಟೊಗಳು, ನಂತರ ಓಣಿಯವರು ನಂಬಿ ಕೊಟ್ಟ ದಾಖಲೆಗಳು. ಅವು ನಿಮ್ಮಲ್ಲಿರುವ ಅಮಾನತ್ತು. ಸಿನಿಮಾ, ಹಾಡು, ಆಟಗಳನ್ನು ನಕಲು ಮಾಡುತ್ತಾ ಹೊತ್ತು ಕಳೆಯಬೇಡಿ. ಪ್ರತಿ ಮಾಡಿದ ಮೇಲೆ ಅದನ್ನು ಬೇರೆ ಕಂಪ್ಯೂಟರ್‌ನಲ್ಲೋ ಫೋನ್‌ನಲ್ಲೋ ತೆರೆದು, ಕೊನೆಯವರೆಗೆ ಕೇಳಿ ನೋಡಿ. ಹೆಸರು ಮಾತ್ರ ಬಂದು ಒಳಗೆ ಖಾಲಿ ಇರುವುದೂ ಉಂಟು.

ಇನ್ನು ಈ ತೊಂದರೆ ಪತ್ರ ಬರೆದವರದ್ದು ಮಾತ್ರವಲ್ಲ. ಹಳೆಯ ಡೆಸ್ಕ್‌ಟಾಪ್ ಇರುವ ಯಾವ ಮನೆಯಲ್ಲೂ ಇಂದಲ್ಲ ನಾಳೆ ಬರುವಂಥದ್ದು. ಆದ್ದರಿಂದ ಎಲ್ಲರಿಗೂ ಉಪಯೋಗವಾಗುವಂತೆ ಸ್ವಲ್ಪ ವಿವರವಾಗಿ ನೋಡೋಣ.

ಕಾಲುವೆ ದಂಡೆಯಲ್ಲಿ ನಡೆದಂತೆ

ಕಾರಟಗಿಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಬಗ್ಗೆ ಹೇಳಬೇಕಾಗಿಲ್ಲ. ಅಣೆಕಟ್ಟಿನಿಂದ ಮುಖ್ಯ ಕಾಲುವೆಗೆ, ಅಲ್ಲಿಂದ ಉಪಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ, ಕೊನೆಗೆ ಗದ್ದೆಗೆ ನೀರು ಬರುತ್ತದೆ. ಗದ್ದೆಗೆ ನೀರು ಬರದಿದ್ದರೆ ರೈತ ಗದ್ದೆಯನ್ನು ಅಗೆಯುವುದಿಲ್ಲ. ದಂಡೆ ಹಿಡಿದು ಮೇಲಕ್ಕೆ ನಡೆದು, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತಾನೆ.

ಕಂಪ್ಯೂಟರ್ ಶುರುವಾಗುವುದೂ ಹೀಗೆಯೇ. ಗುಂಡಿ ಒತ್ತಿದಾಗ ಮೊದಲು ವಿದ್ಯುತ್ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಒಳಗಿನ ಭಾಗಗಳಿಗೆ ಕರೆಂಟ್ ಕೊಡುತ್ತದೆ. ಆಮೇಲೆ ಮದರ್‌ಬೋರ್ಡ್‌ನಲ್ಲಿರುವ ಬಯೋಸ್ ಎಂಬ ಚಿಕ್ಕ ತಂತ್ರಾಂಶ ಎಚ್ಚರಗೊಂಡು, ರ್‍ಯಾಮ್ ಇದೆಯೇ, ಕೀಬೋರ್ಡ್ ಇದೆಯೇ, ಡಿಸ್ಕ್ ಇದೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಡಿಸ್ಕ್‌ನಿಂದ ವಿಂಡೋಸ್ ಅನ್ನು ಎಬ್ಬಿಸುತ್ತದೆ. ವಿಂಡೋಸ್ ತನ್ನ ಡ್ರೈವರ್‌ಗಳನ್ನು ಹೇರಿಕೊಂಡು ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಕೊನೆಗೆ ನಿಮ್ಮ ಪರದೆ ತೆರೆದುಕೊಳ್ಳುತ್ತದೆ. ಎಲ್ಲಿ ನಿಂತಿತು ಎಂಬುದನ್ನು ಸರಿಯಾಗಿ ನೋಡಿದರೆ ದೋಷ ಎಲ್ಲಿರಬಹುದು ಎಂಬುದರ ಅರ್ಧ ಉತ್ತರ ಸಿಕ್ಕಂತೆ.

ಇದೆಲ್ಲ ಗಂಡುಮಕ್ಕಳ ಕೆಲಸ, ನಮಗೇನು ತಿಳಿಯುತ್ತದೆ ಎನ್ನುವವರಿಗೆ ಒಂದು ಹಳೆಯ ಸಂಗತಿ. 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಭಾರೀ ಕಂಪ್ಯೂಟರನ್ನು ಜನರ ಮುಂದೆ ತೋರಿಸಲಾಯಿತು. ಅದರಲ್ಲಿ ಸುಮಾರು 18 ಸಾವಿರ ಗಾಜಿನ ವಾಲ್ವ್‌ಗಳಿದ್ದವು. ಅದಕ್ಕೆ ಲೆಕ್ಕದ ಕ್ರಮ ಹಾಕಿಕೊಡುತ್ತಿದ್ದವರು ಆರು ಮಂದಿ ಹೆಣ್ಣುಮಕ್ಕಳು. ಕಲಿಯಲು ಅವರಿಗೆ ಯಾವ ಕೈಪಿಡಿಯೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ನೋಡಿ ಕಲಿತರು. ತೊಂದರೆ ಬಂದರೆ ಇಂಥದ್ದೇ ವಾಲ್ವ್ ಸುಟ್ಟಿದೆ ಎಂದು ಹುಡುಕಿ ತೋರಿಸುವಷ್ಟು ನಿಪುಣರಾದರು. ಹಾಗಾಗಿ ಹೆದರಬೇಡಿ. ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ.

ನಿಲ್ಲುವ ಐದು ತಾಣಗಳು

ಒಂದು: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇದೆ. ಮೊದಲು ಮಾನಿಟರ್‌ನ ವಿದ್ಯುತ್ ತಂತಿ ಮತ್ತು ಚಿತ್ರದ ಕೇಬಲ್ ಬಿಗಿಯಾಗಿವೆಯೇ ನೋಡಿ. ನಂತರ ಬೀಪ್ ಸದ್ದು ಬರುತ್ತದೆಯೇ ಕೇಳಿ. ಒಂದೇ ಸಮನೆ ಬೀಪ್ ಬೀಪ್ ಎನ್ನುತ್ತಿದ್ದರೆ ಹೆಚ್ಚಿನ ಸಲ ರ್‍ಯಾಮ್ ಪಟ್ಟಿ ಸಡಿಲವಾಗಿರುತ್ತದೆ ಅಥವಾ ಅದರ ಹೊಂಬಣ್ಣದ ಅಂಚಿಗೆ ಕೊಳೆ ಕೂತಿರುತ್ತದೆ.

ಎರಡು: ಕಂಪ್ಯೂಟರ್ ತಯಾರಿಸಿದ ಕಂಪೆನಿಯ ಚಿಹ್ನೆಯಲ್ಲೇ ನಿಂತಿದೆ. ವಿಂಡೋಸ್ ಇನ್ನೂ ಶುರುವಾಗಿಲ್ಲ ಎಂದರ್ಥ. ಆದ್ದರಿಂದ ವಿಂಡೋಸ್ ಮತ್ತೆ ಹಾಕಿಸಿ ಪ್ರಯೋಜನವಿಲ್ಲ. ಕೀಬೋರ್ಡ್, ಮೌಸ್ ಬಿಟ್ಟು ಪ್ರಿಂಟರ್, ಪೆನ್‌ಡ್ರೈವ್, ವೆಬ್‌ಕ್ಯಾಮ್, ಫೋನ್ ಕೇಬಲ್ ಎಲ್ಲವನ್ನೂ ಕಿತ್ತು ಆನ್ ಮಾಡಿ. ಮರೆತು ಬಿಟ್ಟ ಒಂದು ಪೆನ್‌ಡ್ರೈವ್‌ನಿಂದಲೇ ಶುರುವಾಗಲು ಹೊರಟು ನಿಂತುಬಿಡುವ ಕಂಪ್ಯೂಟರ್‌ಗಳಿವೆ. ಸರಿಹೋದರೆ ಒಂದೊಂದಾಗಿ ಮತ್ತೆ ಜೋಡಿಸಿ ನೋಡಿ, ತೊಂದರೆ ಕೊಡುವುದು ಯಾವುದೆಂದು ಗೊತ್ತಾಗುತ್ತದೆ.

ಇದೇ ಹಂತದಲ್ಲಿ ಗಡಿಯಾರವನ್ನೂ ಗಮನಿಸಿ. ಪ್ರತಿ ಸಲ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತಿದ್ದರೆ, ಎಫ್ 1 ಒತ್ತಿ ಎಂಬ ಸೂಚನೆ ಬರುತ್ತಿದ್ದರೆ, ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್ ತೀರಿದೆ ಎಂದು ತಿಳಿಯಿರಿ. ಅದರ ಮೇಲೆ ಸಾಮಾನ್ಯವಾಗಿ ಸಿಆರ್ 2032 ಎಂದು ಬರೆದಿರುತ್ತದೆ, 3 ವೋಲ್ಟಿನದು, ನೂರು ರೂಪಾಯಿಯೊಳಗೆ ಸಿಗುತ್ತದೆ. ಗೋಡೆಯ ಸ್ವಿಚ್ ಆನ್ ಇರುವಾಗ ಬಯೋಸ್ ನೆನಪನ್ನು ಮನೆಯ ಕರೆಂಟೇ ಕಾಯುತ್ತದೆ. ಸ್ವಿಚ್ ಆರಿಸಿದಾಗ, ಕರೆಂಟ್ ಹೋದಾಗ ಆ ಸೆಲ್ ಮೇಲೆ ಭಾರ ಬೀಳುತ್ತದೆ. ಸೆಲ್ ತೀರಿದರೆ ಬಯೋಸ್ ತನ್ನ ಹೊಂದಾಣಿಕೆಗಳನ್ನು ಮರೆತು, ಡಿಸ್ಕ್ ಅನ್ನು ಬೇರೆ ರೀತಿಯಲ್ಲಿ ಓದಲು ಹೊರಡಬಹುದು. ಆಗಲೂ ವಿಂಡೋಸ್ ಏಳದೆ ನಿಲ್ಲುತ್ತದೆ. ಆಗ ಬೇಕಾದದ್ದು ಹೊಸ ಸೆಲ್ ಮತ್ತು ಬಯೋಸ್‌ನಲ್ಲಿ ಒಂದು ತಿದ್ದುಪಡಿ ಅಷ್ಟೇ.

ಮೂರು: ವಿಂಡೋಸ್ ಚಿಹ್ನೆಯಲ್ಲಿ, ಸುತ್ತುವ ಚುಕ್ಕಿಗಳಲ್ಲಿ ನಿಂತಿದೆ. ಪತ್ರದ ಸಹೋದರಿಯ ಕಂಪ್ಯೂಟರ್ ನಿಂತಿರುವುದು ಇಲ್ಲಿ. ಇಲ್ಲಿ ಮೊದಲ ಔಷಧ ತಾಳ್ಮೆ. ಪೆಟ್ಟಿಗೆಯ ಮುಂಭಾಗದಲ್ಲಿ ಡಿಸ್ಕ್‌ನ ಪುಟ್ಟ ದೀಪವಿರುತ್ತದೆ. ಅದು ಬಿಟ್ಟುಬಿಟ್ಟು ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದರ್ಥ. ಅಪ್‌ಡೇಟ್ ನಡೆಯುತ್ತಿದ್ದರೆ ಹಳೆಯ ಯಂತ್ರಗಳಲ್ಲಿ ಒಂದು ಗಂಟೆಯೂ ಹಿಡಿಯಬಹುದು. ನಡುವೆ ಆರಿಸಿದರೆ ಇಲ್ಲದ ತೊಂದರೆ ಹುಟ್ಟಿಕೊಳ್ಳುತ್ತದೆ. ಗಂಟೆಗಟ್ಟಲೆ ಕಾದರೂ ದೀಪ ಪೂರ್ತಿ ಆರಿದ್ದರೆ ಅಥವಾ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ ಡಿಸ್ಕ್, ಅದರ ಕೇಬಲ್ ಅಥವಾ ಯಾವುದೋ ಡ್ರೈವರ್ ಮೇಲೆ ಸಂಶಯಪಡಬೇಕು. ಎಂಟು ವರ್ಷದ ಯಂತ್ರ, ಒಮ್ಮೆ ತೆರೆದುಕೊಂಡು ಇನ್ನೊಮ್ಮೆ ತೆರೆಯದು ಎಂದರೆ ನನ್ನ ಮೊದಲ ಸಂಶಯ ಹಾರ್ಡ್ ಡಿಸ್ಕ್ ಮೇಲೆಯೇ. ಅದಕ್ಕೇ ನಕಲು ಮಾಡಲು ಅವಸರಪಡಿಸಿದ್ದು.

ನಾಲ್ಕು: ಪಾಸ್‌ವರ್ಡ್ ಕೊಟ್ಟ ಮೇಲೆ ನಿಲ್ಲುತ್ತದೆ. ವಿಂಡೋಸ್ ಎದ್ದಿದೆ, ಆದರೆ ಅದರ ಜೊತೆ ತಾವಾಗಿ ಶುರುವಾಗುವ ತಂತ್ರಾಂಶಗಳು ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತಿವೆ. ಎರಡೆರಡು ಆ್ಯಂಟಿವೈರಸ್ ಹಾಕಿಕೊಂಡಿರುವ ಮನೆಗಳಲ್ಲಿ ಇದು ಹೆಚ್ಚು. ಒಂದನ್ನು ತೆಗೆಯಿರಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದವುಗಳನ್ನು ನಿಷ್ಕ್ರಿಯಗೊಳಿಸಿ.

ಐದು: ಚೆನ್ನಾಗಿ ಶುರುವಾಗಿ ಐದು-ಹತ್ತು ನಿಮಿಷಕ್ಕೆ ಕಲ್ಲಿನಂತೆ ನಿಲ್ಲುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ತೊಂದರೆ ಎಂದಾದರೆ ಬಿಸಿಯೇ ಕಾರಣವಿರಬಹುದು. ಧೂಳಿನ ಮಾತು ಮುಂದೆ ಬರುತ್ತದೆ.

ಇನ್ನೊಂದು ಸಣ್ಣ ಗುಟ್ಟು. ಶಟ್‌ಡೌನ್ ಮಾಡಿ ಮರುದಿನ ಆನ್ ಮಾಡಿದರೆ ನಿಲ್ಲುತ್ತದೆ, ಆದರೆ ರೀಸ್ಟಾರ್ಟ್ ಕೊಟ್ಟರೆ ಚೆನ್ನಾಗಿ ತೆರೆದುಕೊಳ್ಳುತ್ತದೆ ಎಂದಾದರೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವನ್ನು ನೋಡಿ. ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಆರುವುದಲ್ಲ, ಒಂದಷ್ಟು ನೆನಪನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುವುದು. ಆ ಬರಹ ಕೆಟ್ಟರೆ ಏಳುವಾಗ ತಡವರಿಸುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ನಿಲ್ಲಿಸಬಹುದು.

ಸೇಫ್ ಮೋಡ್ ಎಂಬ ಹಿತ್ತಲ ಬಾಗಿಲು

ಮೂರನೆಯ, ನಾಲ್ಕನೆಯ ಹಂತದಲ್ಲಿ ನಿಲ್ಲುವ ಕಂಪ್ಯೂಟರ್‌ಗೆ ಹಿತ್ತಲ ಬಾಗಿಲೊಂದಿದೆ. ಸೇಫ್ ಮೋಡ್‌ನಲ್ಲಿ ವಿಂಡೋಸ್ ತೀರಾ ಅಗತ್ಯದ ಭಾಗಗಳನ್ನಷ್ಟೇ ಎಬ್ಬಿಸುತ್ತದೆ. ವಿಂಡೋಸ್ 7ರಲ್ಲಿ ಆನ್ ಮಾಡಿದ ಕೂಡಲೇ ಎಫ್ 8 ಒತ್ತುತ್ತಿದ್ದರೆ ಸಾಕು. ವಿಂಡೋಸ್ 10 ಮತ್ತು 11ರಲ್ಲಿ ಪಾಸ್‌ವರ್ಡ್ ಕೇಳುವ ಪರದೆ ಬರುವುದಾದರೆ ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಅದೂ ಬಾರದಿದ್ದರೆ, ವಿಂಡೋಸ್ ಚಿಹ್ನೆ ಬಂದಾಗ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಹೀಗೆ ಎರಡು-ಮೂರು ಸಲ ಆದರೆ ಮುಂದಿನ ಸಲ ರಿಪೇರಿಯ ನೀಲಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂಬ ಕ್ರಮದಲ್ಲಿ ಹೋಗಿ 4 ಒತ್ತಿ. ಹೀಗೆ ಒತ್ತಾಯದಿಂದ ಆರಿಸುವುದು ಬೇರೆ ದಾರಿಯಿಲ್ಲದಾಗ ಮಾತ್ರ, ದಿನನಿತ್ಯದ ಅಭ್ಯಾಸವಾಗಬಾರದು.

ಸೇಫ್ ಮೋಡ್‌ನಲ್ಲಿ ತೆರೆದುಕೊಂಡರೆ ಎರಡು ಲಾಭ. ಪೆನ್‌ಡ್ರೈವ್ ಅಲ್ಲಿಯೂ ಕೆಲಸ ಮಾಡುವುದರಿಂದ ಕಡತಗಳನ್ನು ಉಳಿಸಿಕೊಳ್ಳಬಹುದು. ಜೊತೆಗೆ, ಯಂತ್ರದ ಭಾಗಗಳು ಬಹುಮಟ್ಟಿಗೆ ಸರಿಯಿವೆ, ತೊಂದರೆ ಯಾವುದೋ ಡ್ರೈವರ್ ಅಥವಾ ಇತ್ತೀಚೆಗೆ ಹಾಕಿದ ತಂತ್ರಾಂಶದ್ದು ಎಂದು ಗೊತ್ತಾಗುತ್ತದೆ. ಹೊಸದಾಗಿ ಹಾಕಿದ್ದನ್ನು ತೆಗೆಯಿರಿ. ಅಥವಾ ಸಿಸ್ಟಮ್ ರೀಸ್ಟೋರ್ ಮೂಲಕ ಸರಿಯಿದ್ದ ದಿನಕ್ಕೆ ಹಿಂದಿರುಗಿ. ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾಗಿದ್ದರೆ ಅದೇ ನೀಲಿ ಪರದೆಯಲ್ಲಿ ಅಪ್‌ಡೇಟ್ ತೆಗೆದುಹಾಕುವ ಆಯ್ಕೆಯೂ ಇದೆ. ಸೇಫ್ ಮೋಡ್‌ನಲ್ಲೂ ನಿಂತರೆ ಡಿಸ್ಕ್, ರ್‍ಯಾಮ್ ಅಥವಾ ವಿಂಡೋಸ್‌ನ ಮೂಲ ಕಡತಗಳತ್ತ ನೋಡಬೇಕು.

ಇದು ಬಡವರ ಮನೆಯ ಹಳೆಯ ಯಂತ್ರಕ್ಕೆ ಮಾತ್ರ ಬರುವ ಕಾಯಿಲೆ ಎಂದುಕೊಳ್ಳಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಶುರುವಾಗದೆ ನಿಂತವು. ಲೆಕ್ಕ ಕೊಟ್ಟದ್ದು ಮೈಕ್ರೋಸಾಫ್ಟ್ ಕಂಪೆನಿಯೇ. ಅಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ನಿಂತರು. ನಮ್ಮ ದೇಶದಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟದ್ದೂ ಉಂಟು. ಆ ಕಂಪ್ಯೂಟರ್‌ಗಳನ್ನು ಸರಿಪಡಿಸಿದ್ದು ಹೇಗೆ? ಫಾರ್ಮ್ಯಾಟ್ ಮಾಡಿ ಅಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಕೆಟ್ಟ ಕಡತವನ್ನು ಅಳಿಸಿ. ಕೆಲವು ಕಂಪ್ಯೂಟರ್‌ಗಳು ಹದಿನೈದರಷ್ಟು ಸಲ ರೀಸ್ಟಾರ್ಟ್ ಮಾಡಿದಾಗ ತಾವಾಗಿಯೇ ಸರಿಹೋದವು.

ಟಿಕ್ ಟಿಕ್ ಎಂದರೆ ಕೈ ತೆಗೆಯಿರಿ

ಪೆಟ್ಟಿಗೆಗೆ ಕಿವಿಗೊಟ್ಟು ಕೇಳಿ. ಗಡಿಯಾರದಂತೆ ಟಿಕ್ ಟಿಕ್ ಎಂದೋ, ಕಬ್ಬಿಣ ಕೆರೆದಂತೆಯೋ ಸದ್ದು ಬರುತ್ತಿದ್ದರೆ ಕೂಡಲೇ ಆರಿಸಿ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ಗಿರಗಿರನೆ ತಿರುಗುತ್ತಿರುತ್ತವೆ. ಅವನ್ನು ಓದುವ ಮುಳ್ಳು ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅದು ದಾರಿ ತಪ್ಪಿದಾಗ ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ಬರಹ ಇನ್ನಷ್ಟು ಕೆಡಬಹುದು. ಇಂಥ ಡಿಸ್ಕ್ ಮೇಲೆ ರಿಪೇರಿಯ ತಂತ್ರಾಂಶ ಓಡಿಸಬಾರದು, ಫಾರ್ಮ್ಯಾಟಂತೂ ಬೇಡವೇ ಬೇಡ. ಅದನ್ನು ಡೇಟಾ ರಿಕವರಿ ಮಾಡುವವರಿಗೇ ಒಪ್ಪಿಸಬೇಕು.

ಸದ್ದಿಲ್ಲದಿದ್ದರೆ, ಆದರೆ ವಿಂಡೋಸ್ ಏಳುವುದೇ ಇಲ್ಲವಾದರೆ, ಡಿಸ್ಕ್ ಅನ್ನು ಹೊರತೆಗೆದು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ ಕಡತ ತೆಗೆಯಬಹುದು. ಇದಕ್ಕೆ ಸಾಟಾ-ಯುಎಸ್‌ಬಿ ಕೇಬಲ್ ಸಿಗುತ್ತದೆ. ಕೊಳ್ಳುವಾಗ ಒಂದು ಎಚ್ಚರಿಕೆ. ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನ ಡಿಸ್ಕ್‌ಗೆ ಯುಎಸ್‌ಬಿ ಕರೆಂಟ್ ಸಾಲದು, 12 ವೋಲ್ಟಿನ ಅಡಾಪ್ಟರ್ ಜೊತೆಗಿರುವ ಕೇಬಲ್ಲೇ ಬೇಕು. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್‌ಗೆ ಅದು ಬೇಕಿಲ್ಲ. ಉಬುಂಟುವಿನಂಥ ಉಚಿತ ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ಅದರಿಂದಲೇ ಕಂಪ್ಯೂಟರ್ ಎಬ್ಬಿಸಿ ಕಡತ ನಕಲು ಮಾಡುವುದು ಇನ್ನೊಂದು ದಾರಿ. ಆಗ ‘ಇನ್‌ಸ್ಟಾಲ್’ ಎಂಬುದನ್ನು ಒತ್ತದೆ ‘ಟ್ರೈ’ ಎಂಬುದನ್ನೇ ಆರಿಸಬೇಕು. ಹೊಸ ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಬೀಗ ಬಿದ್ದಿರಬಹುದು. ಅದರ ಉದ್ದನೆಯ ಸಂಖ್ಯೆ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಇಂದೇ ಹುಡುಕಿ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಭತ್ತದ ಧೂಳು, ಬೇಸಿಗೆ, ಕರೆಂಟು

ಕಾರಟಗಿ ಅಕ್ಕಿ ಗಿರಣಿಗಳ ಊರು. ಅಂಥ ಊರಿನಲ್ಲಿ ಭತ್ತದ ಹೊಟ್ಟಿನ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಕಂಪ್ಯೂಟರ್‌ನ ಫ್ಯಾನ್ ಅದನ್ನು ಎಳೆದುಕೊಂಡು ಪ್ರೊಸೆಸರ್ ಮೇಲಿನ ಲೋಹದ ಎಲೆಗಳ ನಡುವೆ ಕಂಬಳಿಯಂತೆ ಹೊದಿಸುತ್ತದೆ. ಬೇಸಿಗೆಯಲ್ಲಿ ನಮ್ಮ ಆ ಭಾಗದ ಬಿಸಿಲು ಗೊತ್ತೇ ಇದೆ. ಬಿಸಿ ಹೊರಹೋಗದೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ ಅಥವಾ ಆರಿಹೋಗುತ್ತದೆ.

ವರ್ಷಕ್ಕೆರಡು ಸಲ, ಭತ್ತದ ಸುಗ್ಗಿ ಮುಗಿದ ಮೇಲೆ, ಪೆಟ್ಟಿಗೆ ತೆರೆದು ಒರೆಸುವ ಅಭ್ಯಾಸ ಇಟ್ಟುಕೊಳ್ಳಿ. ಮೊದಲು ಗೋಡೆಯಿಂದ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಕೈ ಹಾಕುವ ಮುನ್ನ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹರಿದುಹೋಗಲಿ. ಒಣಗಿದ ಮೃದು ಬಣ್ಣದ ಕುಂಚ ಸಾಕು. ಒದ್ದೆ ಬಟ್ಟೆ ಬೇಡ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಊದಿ. ರ್‍ಯಾಮ್ ಪಟ್ಟಿಯ ಎರಡೂ ಬದಿಯ ಕೊಂಡಿ ಬಿಡಿಸಿ ಹೊರತೆಗೆದು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕೊಂಡಿಗಳು ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಡಿಸ್ಕ್‌ನ ಎರಡೂ ಕೇಬಲ್‌ಗಳನ್ನು ಕಿತ್ತು ಮತ್ತೆ ಬಿಗಿಯಾಗಿ ಸಿಕ್ಕಿಸಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಚಿಕ್ಕ ಮಕ್ಕಳು ಹತ್ತಿರವಿರದ ಹೊತ್ತು ನೋಡಿಕೊಳ್ಳಿ.

ಕರೆಂಟ್ ತಟ್ಟನೆ ಹೋದಾಗ ವಿಂಡೋಸ್ ಏನನ್ನೋ ಬರೆಯುತ್ತಿದ್ದರೆ ಆ ಕಡತ ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಸಲ ಏಳದಿರಲು ಅಷ್ಟೇ ಸಾಕು. ಆದ್ದರಿಂದ ಯುಪಿಎಸ್ ದುಂದುವೆಚ್ಚವಲ್ಲ. ಕೆಲವು ನಿಮಿಷ ಸಿಕ್ಕರೆ ಸಾಕು, ಕೆಲಸ ಉಳಿಸಿ ಶಟ್‌ಡೌನ್ ಮಾಡಬಹುದು. ಎರಡು-ಮೂರು ವರ್ಷಕ್ಕೆ ಅದರ ಬ್ಯಾಟರಿ ಸೋಲುತ್ತದೆ, ಪರೀಕ್ಷಿಸುತ್ತಿರಿ. ಮನೆಯ ಇನ್ವರ್ಟರ್‌ಗೆ ಕಂಪ್ಯೂಟರ್ ಜೋಡಿಸಿದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಇರುತ್ತದೆ. ಅದನ್ನು ಹಾಕಿದರೆ ಕರೆಂಟ್ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ಆರಿಹೋಗುವ ಸಂಭವ ಕಡಿಮೆ.

ಅಂಗಡಿಗೆ ಒಯ್ಯುವುದಾದರೆ

ಎಲ್ಲವೂ ಮನೆಯಲ್ಲೇ ಆಗುವುದಿಲ್ಲ. ಒಯ್ಯಬೇಕಾದಾಗ ಕೆಲವು ಮಾತು ನೆನಪಿಡಿ.

ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಯಾವ ಸದ್ದು ಬರುತ್ತದೆ, ತೊಂದರೆಗೆ ಮುಂಚೆ ಹೊಸದಾಗಿ ಏನು ಹಾಕಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಪರದೆಯ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಗೊತ್ತಿದ್ದು ಬಂದವರ ಜೊತೆ ಅಂಗಡಿಯವರೂ ಎಚ್ಚರದಿಂದ ಮಾತಾಡುತ್ತಾರೆ.

‘ನನ್ನನ್ನು ಕೇಳದೆ ಏನನ್ನೂ ಅಳಿಸಬಾರದು’ ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹಳೆಯ ಡಿಸ್ಕ್ ಅನ್ನಂತೂ ಬಿಟ್ಟುಬರಬೇಡಿ, ಅದರಲ್ಲಿ ನಿಮ್ಮ ಮನೆಯೇ ಇದೆ.

ಹೆಣ್ಣುಮಕ್ಕಳ ಫೋಟೊ, ಮದುವೆಯ ವಿಡಿಯೊ, ಬೇರೆಯವರ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳು ಕಂಪ್ಯೂಟರ್‌ನಲ್ಲಿದ್ದರೆ ಇನ್ನೊಂದು ಎಚ್ಚರಿಕೆ. ಎಸ್‌ಎಂಪಿಎಸ್, ರ್‍ಯಾಮ್, ಮದರ್‌ಬೋರ್ಡ್ ಪರೀಕ್ಷಿಸಲು ನಿಮ್ಮ ಡಿಸ್ಕ್ ಬೇಕಾಗಿಲ್ಲ. ಒಂದನೆಯ, ಎರಡನೆಯ ಹಂತದಲ್ಲಿ ನಿಲ್ಲುವ ಕಂಪ್ಯೂಟರ್ ಆದರೆ ಡಿಸ್ಕ್ ತೆಗೆದು ಮನೆಯಲ್ಲಿಟ್ಟೇ ಒಯ್ಯಬಹುದು.

ಕಡತಗಳನ್ನು ಉಳಿಸಿಕೊಂಡ ಮೇಲೆ ಫಾರ್ಮ್ಯಾಟ್ ಮಾಡಿಸಲೇಬೇಕಾಗಿ ಬಂದರೆ ಇದೊಂದು ಗೊತ್ತಿರಲಿ. ಸಿ ಡ್ರೈವ್ ಮಾತ್ರ ಅಳಿಸುತ್ತೇವೆ, ನಿಮ್ಮದೇನೂ ಹೋಗುವುದಿಲ್ಲ ಎನ್ನುತ್ತಾರೆ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಂದು ನೀವು ಇಟ್ಟದ್ದೆಲ್ಲ ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲೇ. ಕಣ್ಣೆದುರಿಗೇ ಇರಲೆಂದು ಡೆಸ್ಕ್‌ಟಾಪ್ ಮೇಲೆ ಇಟ್ಟ ಕಡತವೇ ಮೊದಲು ಹೋಗುವುದು. ವಿಂಡೋಸ್ 10, 11ರಲ್ಲಿ ‘ರೀಸೆಟ್’ ಮಾಡುವಾಗ ‘ಕೀಪ್ ಮೈ ಫೈಲ್ಸ್’ ಎಂಬ ಆಯ್ಕೆ ಇದೆ. ತಂತ್ರಾಂಶಗಳು ಹೋಗುತ್ತವೆ, ನಿಮ್ಮ ಕಡತಗಳು ಉಳಿಯುತ್ತವೆ. ನುಡಿ, ಬರಹ ಬಳಸಿ ಟೈಪ್ ಮಾಡಿದ ಹಳೆಯ ಕಡತಗಳು ಆಮೇಲೆ ಅರ್ಥವಾಗದ ಅಕ್ಷರಗಳಾಗಿ ಕಂಡರೆ ಗಾಬರಿಪಡಬೇಡಿ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಹೋಗಿರುತ್ತದೆ. ಮತ್ತೆ ಆ ತಂತ್ರಾಂಶ ಹಾಕಿದರೆ ಸರಿಹೋಗುತ್ತದೆ.

ಆಗಲೇ ಫಾರ್ಮ್ಯಾಟ್ ಮಾಡಿಸಿ ಕೈಸುಟ್ಟುಕೊಂಡವರೂ ಪೂರ್ತಿ ನಿರಾಶರಾಗಬೇಡಿ. ಹಾರ್ಡ್ ಡಿಸ್ಕ್ ಆದರೆ, ಅದರ ಮೇಲೆ ಹೊಸದೇನನ್ನೂ ಬರೆಯದಿದ್ದರೆ, ಹಳೆಯದನ್ನು ಮರಳಿ ತೆಗೆಯುವ ಅವಕಾಶ ಹಲವು ಸಲ ಇರುತ್ತದೆ. ಕೂಡಲೇ ಬಳಕೆ ನಿಲ್ಲಿಸಿ. ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ. ಜೊತೆಗೆ ಆ ಧ್ವನಿ, ಆ ಫೋಟೊವನ್ನು ಎಂದಾದರೂ ಅಣ್ಣನಿಗೆ, ಖಾಲಾಗೆ, ಗಲ್ಫ್‌ನಲ್ಲಿರುವ ತಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದಿರೇ ಎಂದು ನೆನಪು ಮಾಡಿಕೊಳ್ಳಿ. ಅವರ ಫೋನ್‌ನಲ್ಲಿ ಉಳಿದಿರಬಹುದು.

ಎರಡು ಪ್ರತಿ, ಎರಡು ಮನೆ

ಹಳೆಯ ಯಂತ್ರವನ್ನೇ ಮುಂದುವರಿಸುವುದಾದರೆ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸಿ. ತಿರುಗುವ ತಟ್ಟೆಗಳಿಲ್ಲದ್ದರಿಂದ ಬೇಗ ಏಳುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಅಂದಿನಿಂದ ನಿಂತುಬಿಡುವುದಿಲ್ಲ, ಆದರೆ ಇತರರ ದಾಖಲೆ, ಬ್ಯಾಂಕ್ ವ್ಯವಹಾರ ನೋಡುವ ಮನೆಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳೆಯ ಎಷ್ಟೋ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅಂಥವಕ್ಕೆ ಲಿನಕ್ಸ್ ಉಚಿತವಾಗಿಯೇ ಸಿಗುತ್ತದೆ.

ಯಾವುದನ್ನು ಹಾಕಿಸಿದರೂ ಒಂದು ದಿನ ಅದೂ ನಿಲ್ಲುತ್ತದೆ. ಹಾಗಾಗಿ ಮನೆಯ ಬೆಲೆಬಾಳುವ ಕಡತಗಳಿಗೆ ಕಂಪ್ಯೂಟರ್‌ನ ಹೊರಗೆ ಎರಡು ಪ್ರತಿಗಳಿರಲಿ. ಒಂದು ಹೊರಗಿನ ಡಿಸ್ಕ್‌ನಲ್ಲಿ, ಬೀರುವಿನೊಳಗೆ. ಇನ್ನೊಂದು ಬೇರೆ ಮನೆಯಲ್ಲಿ, ತಂಗಿಯ ಹತ್ತಿರವೋ ತವರಿನಲ್ಲೋ, ಇಲ್ಲವೇ ಗೂಗಲ್ ಖಾತೆಯಲ್ಲಿ. ಅಲ್ಲಿ 15 ಜಿಬಿವರೆಗೆ ಹಣ ಕೊಡಬೇಕಾಗಿಲ್ಲ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಅದನ್ನೊಂದನ್ನೇ ನಂಬಿ ಕೂರಬಾರದು. ಮೂರು ತಿಂಗಳಿಗೊಮ್ಮೆ ಪ್ರತಿಗಳನ್ನು ತೆರೆದು ನೋಡಿ.

ಇಂದು ರಾತ್ರಿ ಮನೆಗೆಲಸ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಕಂಪ್ಯೂಟರ್ ಚೆನ್ನಾಗಿರುವವರೂ ಕೂಡ. ಇದು ನಾಳೆ ಏಳದಿದ್ದರೆ ನಾನು ಯಾವುದಕ್ಕಾಗಿ ಅಳುವೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರವಾಗಿ ಬಂದ ಕಡತವನ್ನು ಮೊದಲು ನಕಲು ಮಾಡಿ. ಉಳಿದದ್ದು ನಾಳೆಗಿರಲಿ.